ಬಾಲದ ಕೊಬ್ಬು

ಬೇಸಿಗೆ ಮುಗಿಯುತ್ತ ಬಂದಿತ್ತು. ಬುರುಲ್ ಗುಡಾರದ ಮುಂದೆ ಜೊಂಡಿನ ಚಾಪೆಯ ಮೇಲೆ ಬಿಳಿ ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ, ನೆರೆಯ ಹೆಂಗಸರೊಂದಿಗೆ ಉರುಳಿಸಿ ಮುಗಿಸಿದ್ದಳು. ಉಳಿದದ್ದು ಅಂಗೈಯಿಂದ ಉಜ್ಜಿ ಗಟ್ಟಿಮಾಡುವ ಕೆಲಸ. ಮದುವೆಯಾಗುವ ಮಗಳ ಉಣ್ಣೆಹಾಸಿನ ಮೇಲೆ ಆ ಕೊನೆಯ ಕೈ ತಾಯಿಯದೇ ಆಗಬೇಕು. ನಮ್ಮ ಕಣಿವೆಯಲ್ಲಿ ಹಾಗೆ.

ನಾಲ್ಕು ಸಲ ಉಜ್ಜುವಷ್ಟರಲ್ಲಿ ಅವಳು ಕೈ ಎತ್ತಿಕೊಂಡಳು. ನೀರು, ಸಾಬೂನು, ಗಾಳಿ ಸೇರಿ ಅಂಗೈ ಸೀಳಿತ್ತು. ಬಿಳಿ ಹಾಸಿನ ಅಂಚಿನಲ್ಲೊಂದು ಕೆಂಪು ಚುಕ್ಕೆ. ತಣ್ಣೀರಿನಲ್ಲಿ ತೊಳೆದಾಗ ಅದು ಹೋಯಿತು. ಇನ್ನೊಂದು ಬಿದ್ದರೆ? ಎರಡು ದಿನ ಕಳೆದರೆ ಬೀಗರು ಬರುವವರು. ರಕ್ತ ಕಂಡರೆ ಬೀಗಿತ್ತಿ ಅಪಶಕುನವೆನ್ನದೆ ಬಿಡುವವಳಲ್ಲ.

ಬುರುಲ್‌ಳನ್ನು 'ಎಜೆ', ಅಕ್ಕ, ಎಂದೇ ಕರೆಯುವ ಪಕ್ಕದ ಗುಡಾರದ ಕನಿಶಾಯ್ ಬಟ್ಟಲಿನಲ್ಲಿ ಕುರಿಯ ದಪ್ಪ ಬಾಲದ ಕೊಬ್ಬು ತಂದಳು. ಕರಗಿಸಿ ಸೋಸಿಟ್ಟದ್ದು, ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು.

"ಹಚ್ಕೋ ಎಜೆ. ನನ್ ಮಕ್ಕಳ ಕೆನ್ನೆ ಚಳೀಲಿ ಉಳಿದಿದ್ದೇ ಇದ್ರಿಂದ."

ಬುರುಲ್ ಧಾರಾಳವಾಗಿ ಬಳಿದುಕೊಂಡಳು. ಮರುಕ್ಷಣ ಅವಳು ಕೂಗಿದ ರಭಸಕ್ಕೆ ಕಟ್ಟಿದ್ದ ಕುದುರೆ ಕಿವಿ ನಿಮಿರಿಸಿತು.

"ಅಯ್ಯೋ ನಿನ್ನ! ಉಪ್ಪು ಹಾಕಿದ್ದೀಯೇನೇ ಇದಕ್ಕೆ?"

ಕನಿಶಾಯ್ ಬೆರಳದ್ದಿ ನೆಕ್ಕಿದಳು. ಮುಖ ಸಣ್ಣದಾಯಿತು. "ಅಡುಗೇದು ತಂದ್ಬಿಟ್ಟೆ, ಎಜೆ."

"ನನ್ ಕೈನೂ ಮಾಂಸದ ಜೊತೆ ಒಣಗಿಸಿಡ್ತೀಯೇನು, ಚಳಿಗಾಲಕ್ಕೆ?"

"ಹಚ್ಚೋದು ಖಾಲಿ ಆಗಿದೆ. ತಡಿ, ಇದರ ಉಪ್ಪು ತೆಗೀತೀನಿ."

ಕೊಬ್ಬನ್ನು ನೀರಿನಲ್ಲಿ ಕುದಿಸಿ, ಆರಿದಾಗ ಮೇಲೆ ಹೆಪ್ಪುಗಟ್ಟಿದ್ದನ್ನು ಎತ್ತಿ, ಹೊಸ ನೀರಿನಲ್ಲಿ ಮತ್ತೆ ಕುದಿಸಿದಳು. ಪ್ರತಿ ಸಲ ತಾನೇ ನೆಕ್ಕಿ ನೋಡಿದಳು. ಸಂಜೆಗೆ ಉಪ್ಪು ಪೂರಾ ಹೋಗಿತ್ತು.

ಈ ಬಾರಿ ಉರಿಯಲಿಲ್ಲ. ಬುರುಲ್ ಕೊಬ್ಬು ಸವರಿದ ಕೈಗಳಿಗೆ ಉಣ್ಣೆಯ ಕಾಲುಚೀಲ ತೊಟ್ಟು ಮಲಗಿದಳು. ಮರುದಿನ ಮಗಳು ಬೆಗಾಯಿಮ್ ಅವಳಿಗೆ ಏನನ್ನೂ ಮುಟ್ಟಲು ಬಿಡದೆ ತುತ್ತಿಟ್ಟಳು.

"ಅತ್ತೆ ಮನೆಗೂ ನಿನ್ ಜೊತೆ ಬರ್ಲಾ?" ಎಂದಳು ಬುರುಲ್, ಬಾಯ್ತುಂಬ ಅನ್ನವಿಟ್ಟುಕೊಂಡು.

ಬೀಗರು ಬರುವ ದಿನ ಬೆಳಿಗ್ಗೆ ಕಾಲುಚೀಲ ತೆಗೆದಾಗ ಸೀಳುಗಳ ಅಂಚು ಕೂಡಿತ್ತು, ಅಂಗೈ ಮೆತ್ತಗಾಗಿತ್ತು. ಅವಳು ನಿಧಾನವಾಗಿ ಹಾಸಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉಜ್ಜಿದಳು. ಎಲ್ಲಿಯೂ ಕೆಂಪು ಬೀಳಲಿಲ್ಲ.

"ಮದುವೆ ಕುರಿಯ ಬಾಲದ ಕೊಬ್ಬಲ್ಲಿ ಶಾಸ್ತ್ರಕ್ಕೆ ಬೀಗರಿಗೆ ಉಣ್ಸಿ ಉಳಿದದ್ದು ನಿನಗೆ," ಎಂದಳು ಕನಿಶಾಯ್‌ಗೆ.

"ಉಳಿಸಿದ್ರೆ ತಾನೆ! ನಿನ್ ಬೀಗರ ಹೊಟ್ಟೆ ನಾನು ನೋಡಿಲ್ವಾ?"

"ಉಳಿಸ್ದಿದ್ರೆ, ಮೊನ್ನೆ ಉಪ್ಪು ಹಚ್ಸಿ ನನ್ನನ್ನ ಕೂಗ್ಸಿದ್ದಕ್ಕೆ ಸರಿ ಹೋಯ್ತು."

ಕನಿಶಾಯ್ ನಗುತ್ತ ಹಾಸಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಬಿಸಿಲಿಗೆ ಹರವಿದರು.