ಐದು ನಿಮಿಷದ ಹಿಂದಿನ ಮೋಡ

ನಾನು ಒಂದು ಹವಾಮಾನದ ಡಬ್ಬಿ. ನಗಬೇಡಿ. ಸಣ್ಣ ಖಾಸಗಿ ವಿಮಾನದಲ್ಲಿ, ಓಡಿಸುವವರ ಎದುರಿಗೆ ಕೂತು, ಉಪಗ್ರಹದಿಂದ ಇಳಿದುಬರುವ ಮಳೆಯ ಚಿತ್ರವನ್ನು ತೋರಿಸುವುದು ನನ್ನ ಕಸುಬು. ಅಂಗೈಯಗಲದ ಗಾಜು, ಕೆಳಗೆ ನಾಲ್ಕು ಗುಂಡಿ, ನೆತ್ತಿಯ ಮೇಲೊಂದು ಮೊಂಡು ಕೊಂಬು. ಹಸಿರೆಂದರೆ ಜಿಟಿಜಿಟಿ ಮಳೆ, ಹಳದಿಯೆಂದರೆ ಜೋರು, ಕೆಂಪೆಂದರೆ ಅತ್ತ ತಲೆ ಹಾಕಬೇಡ. ಗಾಜಿನ ಮೂಲೆಯಲ್ಲಿ ಚಿತ್ರದ ವಯಸ್ಸನ್ನು ಸಣ್ಣ ಅಕ್ಷರದಲ್ಲಿ ತೋರಿಸುತ್ತೇನೆ: ಮೂರು ನಿಮಿಷ, ಐದು ನಿಮಿಷ ಎಂದು. ನನ್ನ ಮಾನ ಹೋದದ್ದು ಆ ಸಣ್ಣ ಅಕ್ಷರದಿಂದಲೇ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಮಂಜಿನಲ್ಲಿಟ್ಟರು, ಒಲೆಯಲ್ಲಿಟ್ಟರು, ಗಡಗಡ ಅಲ್ಲಾಡಿಸಿದರು. ಎಲ್ಲದಕ್ಕೂ ಜಗ್ಗದೆ ನಿಂತೆ. ಆಮೇಲೆ ಇನ್ನೂರು ಪುಟದ ಒಂದು ಪುಸ್ತಕದ ಜೊತೆ ಪೆಟ್ಟಿಗೆಗೆ ಹಾಕಿದರು. ನನ್ನ ಗುಟ್ಟೆಲ್ಲ ಆ ಪುಸ್ತಕದ ನೂರ ನಲವತ್ತಮೂರನೆಯ ಪುಟದಲ್ಲಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ನನ್ನ ಜನ್ಮದಲ್ಲಿ ಯಾರೂ ಹರಿಯಲಿಲ್ಲ.

ನನ್ನ ಮೊದಲ ಧಣಿ ಬೆಳಗಾವಿಯ ಹಲ್ಲಿನ ಡಾಕ್ಟರು, ವಾಮನರಾವ್ ಕಾಗವಾಡ. ಬಲು ಅಂಜುಬುರುಕ ಮನುಷ್ಯ. ನನ್ನ ಗಾಜಿನ ಮೇಲೆ ಒಂದು ಹಸಿರು ಚುಕ್ಕೆ ಕಂಡರೂ ಸಾಕು, ವಿಮಾನದಿಂದ ಇಳಿದು ಮನೆಗೆ ಹೋಗಿ ಮಲಗುತ್ತಿದ್ದರು. ಮಳೆಯಷ್ಟೇ ಅಲ್ಲ, ಹಾರಬಾರದ ಜಾಗಗಳನ್ನೂ ನಾನು ತೋರಿಸುತ್ತಿದ್ದೆ. ದೊಡ್ಡ ಮನುಷ್ಯರು ಬರುವ ಊರಿನ ಆಕಾಶಕ್ಕೆ ಕೆಂಪು ಉಂಗುರ ಹಾಕುತ್ತಾರಲ್ಲ, ಅದು. ಒಂದು ದಿನ ಡಾಕ್ಟರು ನಿರಾಳವಾಗಿ ಹಾರುತ್ತಿದ್ದಾಗ ಉಂಗುರ ಬಂತು. ಬಂದದ್ದೇನೋ ಸರಿ, ಆದರೆ ಬರುವಷ್ಟರಲ್ಲಿ ನಾವು ಉಂಗುರದ ನಟ್ಟನಡುವೆ ಇದ್ದೆವು. ಡಾಕ್ಟರು ಅಧಿಕಾರಿಗಳಿಗೆ ಮೂರು ಸಲ ವಿವರಣೆ ಬರೆದುಕೊಡಬೇಕಾಯಿತು. ನಾಲ್ಕನೆಯದನ್ನು ಬರೆಯುವ ಬದಲು ವಿಮಾನವನ್ನೇ ಮಾರಿಬಿಟ್ಟರು, ನನ್ನ ಸಮೇತ.

ಕೊಂಡವರು ಗದಗಿನ ಮೆಣಸಿನಕಾಯಿ ವ್ಯಾಪಾರಿ ಗುರುಸಿದ್ದಪ್ಪ ಹೊಂಬಾಳಿ. ಇವರಿಗೆ ಅಂಜಿಕೆ ಎಂಬುದು ಹುಟ್ಟಿನಿಂದಲೇ ಇರಲಿಲ್ಲ. ನನ್ನ ಮೇಲೆ ಎಷ್ಟು ನಂಬಿಕೆ ಎಂದರೆ, ಕಿಟಕಿಯಾಚೆ ನೋಡುವುದನ್ನೇ ಬಿಟ್ಟಿದ್ದರು. ಹತ್ತಿದವರಿಗೆಲ್ಲ ನನ್ನ ತಲೆ ತಟ್ಟಿ, 'ಮುಗಲಾಗ ಏನ್ ನಡದೈತಿ ಅನ್ನೋದು ಇವಂಗೆಲ್ಲಾ ಗೊತ್ತು' ಎನ್ನುವರು. ನಾನೂ ಉಬ್ಬುತ್ತಿದ್ದೆ. ಹೊಗಳಿದರೆ ಡಬ್ಬಿಯೂ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಅವರಿಗೆ ಒಬ್ಬ ಅಕ್ಕ, ನೀಲಕ್ಕ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದ ಹೆಂಗಸು. ತಮ್ಮನ ವಿಮಾನ ಹತ್ತಲು ಆರು ವರ್ಷದಿಂದ ಒಲ್ಲೆ ಎನ್ನುತ್ತಿದ್ದರು. ಕೊನೆಗೆ ಹತ್ತಿಸಿದ್ದು ಒಂದು ಕೂಸು. ಕಲಬುರಗಿಯಲ್ಲಿದ್ದ ಕಿರಿಯ ತಮ್ಮ ಬಸಲಿಂಗನಿಗೆ ಮದುವೆಯಾದ ಹದಿನಾಲ್ಕು ವರ್ಷದ ಮೇಲೆ ಹೆಣ್ಣು ಮಗು ಹುಟ್ಟಿತ್ತು. ಸಂಜೆ ಐದಕ್ಕೆ ತೊಟ್ಟಿಲ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನೀಲಕ್ಕ. ಮಧ್ಯಾಹ್ನದ ಊಟಕ್ಕೆ ಬಂದವರನ್ನು ಎಬ್ಬಿಸಿ ಕಳಿಸಲು ಮನಸ್ಸಾಗದೆ ಅವರು ರೈಲು ತಪ್ಪಿಸಿಕೊಂಡಿದ್ದರು. ಉಳಿದದ್ದು ನಾವೇ.

ಮೇ ತಿಂಗಳ ಸೆಕೆ. ನೀಲಕ್ಕ ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತರು. ವಿಮಾನ ಮೇಲೇರಿದ ಮೇಲೆ ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಕೃಷ್ಣಾ ನದಿ ದಾಟುವ ಹೊತ್ತಿಗೆ ಧೈರ್ಯ ಬಂದು ಕೆಳಗಿನ ಹೊಲಗಳನ್ನು ನೋಡಿ ಸಂತೋಷಪಡುತ್ತಿದ್ದರು. ಆಗ ಎದುರಿಗೆ ಮೋಡ ಕಾಣಿಸಿತು. ಸಣ್ಣದಲ್ಲ, ಆ ಕಡೆಯಿಂದ ಈ ಕಡೆಯವರೆಗೆ ಕರ್ರಗೆ ಎದ್ದು ನಿಂತಿತ್ತು.

ಗುರುಸಿದ್ದಪ್ಪನವರು ನನ್ನತ್ತ ನೋಡಿದರು. ನನ್ನ ಗಾಜಿನ ಮೇಲೆ ಎಡಕ್ಕೊಂದು ಕೆಂಪು ಗುಡ್ಡೆ, ಬಲಕ್ಕೊಂದು ಕೆಂಪು ಗುಡ್ಡೆ, ನಡುವೆ ಚೊಕ್ಕ ದಾರಿ. ಮೂಲೆಯಲ್ಲಿ 'ಐದು ನಿಮಿಷ'.

'ನೋಡಕ್ಕಾ, ನಡಕ ಹಾದಿ ಬಿಟ್ಟೈತಿ. ಹತ್ತು ನಿಮಿಷದಾಗ ದಾಟ್ತೀವಿ' ಎಂದು ವಿಮಾನದ ಮೂಗನ್ನು ಆ ಸಂದಿಯತ್ತ ತಿರುಗಿಸಿದರು.

ನೀಲಕ್ಕ ಕನ್ನಡಕ ಏರಿಸಿ ನನ್ನನ್ನು ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ನನ್ನನ್ನು ನೋಡಿದರು. 'ಇದರಾಗ ಹಾದಿ ಐತಿ. ಹೊರಗ ಎಲ್ಲೈತಲೇ?'

'ಅದು ದೂರದಿಂದ ಹಂಗ ಕಾಣತೈತಿ ಬಿಡು.'

'ಇದು ಯಾವಾಗಿಂದು?'

'ಐದು ನಿಮಿಷದ್ದಕ್ಕಾ. ಬಿಸಿಬಿಸಿ ಐತಿ.'

ನೀಲಕ್ಕನ ಮುಖ ಗಂಟಾಯಿತು. ಖಾನಾವಳಿಗೆ ತರಕಾರಿ, ಮೊಸರು ತಂದವರೆಲ್ಲ ಹೆದರುತ್ತಿದ್ದ ಮುಖ ಅದು. 'ಬಡಿಸಿದ್ದು ಯಾವಾಗ ಅಂತ ನಾ ಕೇಳಲಿಲ್ಲ ಗುರ್ಯಾ. ಮಾಡಿದ್ದು ಯಾವಾಗ?'

ಅಯ್ಯೋ ಶಿವನೇ! ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹಲ್ಲಿನ ಡಾಕ್ಟರೂ ಕೇಳಿರಲಿಲ್ಲ. ನೂರ ನಲವತ್ತಮೂರನೆಯ ಪುಟದಲ್ಲಿ ಇದ್ದದ್ದು ಅದೇ ಮಾತು. ನೆಲದ ಮೇಲಿನ ರಾಡಾರುಗಳು ಮೊದಲು ಮಳೆಯನ್ನು ಕಾಣಬೇಕು. ಅವೆಲ್ಲ ಕಂಡದ್ದನ್ನು ಒಂದು ಕಡೆ ಕಲೆಹಾಕಿ ಒಂದೇ ಚಿತ್ರವಾಗಿ ಹೊಲಿಯಬೇಕು. ಆಮೇಲೆ ಅದು ಉಪಗ್ರಹಕ್ಕೆ ಹತ್ತಿ ನನಗೆ ಇಳಿಯಬೇಕು. ನಾನು ಎಣಿಸುವ ಐದು ನಿಮಿಷ ಹೊಲಿಗೆ ಮುಗಿದ ಮೇಲಿನದು. ಮಳೆಯ ನಿಜವಾದ ವಯಸ್ಸು ಇಪ್ಪತ್ತು ನಿಮಿಷವೂ ಆಗಿರಬಹುದು. ಇಪ್ಪತ್ತು ನಿಮಿಷದಲ್ಲಿ ಮೇ ತಿಂಗಳ ಮೋಡ ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗಿ ಕೂತಿರುತ್ತದೆ. ನನಗೆ ಇದೆಲ್ಲ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಮೂಲೆಯಲ್ಲಿ 'ಆರು ನಿಮಿಷ' ಎಂದು ತೋರಿಸಿದೆ, ಅಷ್ಟೇ.

'ಮಾಡಿದ್ದು, ಬಡಿಸಿದ್ದು ಎಲ್ಲಾ ಒಂದ ಅಲ್ಲೇನಕ್ಕಾ?'

'ಒಂದು ಹೆಂಗಾಗತೈತಿ? ನಿನ್ನಿ ಪಲ್ಯಾ ಈಗ ಬಡಿಸಿದರ ಈಗಿಂದ ಆಗತೈತೇನು? ಗೊತ್ತಿಲ್ಲಂದರ ಗೊತ್ತಿದ್ದವರನ್ನ ಕೇಳು.'

ಗುರುಸಿದ್ದಪ್ಪನವರು ಗೊಣಗುತ್ತ ರೇಡಿಯೋದಲ್ಲಿ ಕಲಬುರಗಿಯ ವಿಮಾನ ನಿಲ್ದಾಣವನ್ನು ಕೇಳಿದರು. ಆ ಕಡೆಯ ಅಧಿಕಾರಿ ತಣ್ಣಗೆ ಹೇಳಿದರು: ನೀವು ಹೇಳುವ ಸಂದಿ ಮುಚ್ಚಿ ಕಾಲು ಗಂಟೆಯಾಯಿತು, ಅಲ್ಲೀಗ ಆಲಿಕಲ್ಲು ಬೀಳುತ್ತಿದೆ, ಅತ್ತ ಬರಬೇಡಿ.

ಗುರುಸಿದ್ದಪ್ಪನವರು ನನ್ನನ್ನು ಬಿಟ್ಟು ಕಿಟಕಿಯಾಚೆ ಕಣ್ಣಿಟ್ಟದ್ದನ್ನು ನಾನು ಅವತ್ತೇ ಮೊದಲ ಸಲ ಕಂಡದ್ದು. ಅವರು ಬೆವರು ಒರೆಸಿಕೊಂಡು ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಅಷ್ಟರಲ್ಲೇ ಮೋಡದ ಅಂಚು ನಮ್ಮನ್ನು ಎರಡು ಸಲ ಎತ್ತಿ ಒಗೆಯಿತು. ನೀಲಕ್ಕ ಒಂದು ಕೈಯಲ್ಲಿ ಹೋಳಿಗೆ ಡಬ್ಬಿ, ಇನ್ನೊಂದು ಕೈಯಲ್ಲಿ ತಮ್ಮನ ಅಂಗಿಯ ತೋಳು ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಕರೆದರು. ನದಿಯ ಈಚೆ ಒಂದು ಸಕ್ಕರೆ ಕಾರ್ಖಾನೆಯ ಸಣ್ಣ ವಿಮಾನಪಟ್ಟಿಯ ಮೇಲೆ ಇಳಿದಾಗ ನಾಲ್ಕೂವರೆಯಾಗಿತ್ತು.

ಇಳಿದ ಮೇಲೆ ನೀಲಕ್ಕ ಅತ್ತರು. ಹೆದರಿಕೆಗಲ್ಲ. 'ಹದಿನಾಕ ವರ್ಷ ಹಾದಿ ಕಾದ ಕೂಸು. ಅದರ ಕಿವ್ಯಾಗ ಬ್ಯಾರೆದವರು ಹೆಸರ ಹೇಳೂ ಹಂಗಾತಲ್ಲೋ' ಎಂದು ಆ ಪಟ್ಟಿಯ ಕಾವಲುಗಾರನ ಕುರ್ಚಿಯ ಮೇಲೆ ಕೂತು ಅತ್ತರು. ತೆರೆದ ಬಾಗಿಲಿನಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ. ಗಾಜು ಒಡೆದುಕೊಂಡು ಸತ್ತುಹೋಗೋಣ ಅನ್ನಿಸಿತು.

ಐದಕ್ಕೆ ಗುರುಸಿದ್ದಪ್ಪನವರು ಮೊಬೈಲ್ ಹಚ್ಚಿ ಬಸಲಿಂಗನಿಗೆ ಏನೋ ಹೇಳಿ ಅಕ್ಕನ ಕೈಗೆ ಕೊಟ್ಟರು. ಆ ಕಡೆ ಫೋನನ್ನು ತೊಟ್ಟಿಲಿಗೆ ಇಳಿಸಿದ್ದರು. ನೀಲಕ್ಕ ಮೂಗು ಒರೆಸಿಕೊಂಡು, ಬಾಯಿಗೆ ಕೈ ಮರೆಮಾಡಿ, ತೊಟ್ಟಿಲ ವಾಡಿಕೆಯಂತೆ 'ಕುರ್ರ್... ಗಂಗಾಂಬಿಕಾ' ಎಂದರು. ಆಮೇಲೆ ತಮ್ಮನನ್ನು ಗದರಿಸಿದರು: 'ಲೇ, ಹೆಸರ ಹೇಳೋ ಅತ್ತಿ ಬೆನ್ನಿಗೆ ಗುದ್ದಬೇಕಲೇ! ಇಲ್ಲೆ ಹೆಣ್ಮಕ್ಕಳ ಯಾರದಾರ? ನೀನ ಗುದ್ದು!' ಆಲಿಕಲ್ಲಿನ ಮೋಡಕ್ಕೆ ನುಗ್ಗಲು ಹೊರಟಿದ್ದ ಗುರುಸಿದ್ದಪ್ಪನವರು ಅಕ್ಕನ ಬೆನ್ನಿಗೆ ಹೆದರಿ ಹೆದರಿ ಒಂದು ಗುದ್ದು ಹಾಕಿದರು. 'ಗಟ್ಟ್ಯಾಗಿ!' ಎಂದರು ನೀಲಕ್ಕ. ಕಾವಲುಗಾರನೂ ಕೈ ಮುಗಿದು ಒಂದು ಹಾಕಿದ. ಹೆಸರು ಹೇಳಿದ ಕ್ಷಣಕ್ಕೇ ಅದು ಕೂಸಿನ ಕಿವಿ ಮುಟ್ಟಿರಬೇಕು, ಕೂಸು ಅಲ್ಲಿಂದ ಕಿಟಾರನೆ ಕಿರುಚಿದ್ದು ನಮಗೂ ಕೇಳಿಸಿತು. ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಬೇಗ ನಾನು ಯಾರಿಗೂ ಏನನ್ನೂ ಮುಟ್ಟಿಸಿರಲಿಲ್ಲ.

ಮೂರು ವರ್ಷದ ಮೇಲೆ ಹೊಸ ಡಬ್ಬಿ ಬಂತು, ನನ್ನನ್ನು ಕಿತ್ತರು. ಗುಜರಿಗೆ ಹೊರಟವನನ್ನು ನೀಲಕ್ಕ ಬೇಡಿ ತಂದರು. 'ಅದು ಸುಳ್ಳು ಹೇಳಿಲ್ಲ, ಪಾಪ. ಕೇಳಿದ್ದಕ್ಕ ಅಷ್ಟ ಹೇಳೇತಿ' ಎಂದು ಖಾನಾವಳಿಯ ಗೋಡೆಗೂಡಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ ಕೂರಿಸಿದರು. ಅದಕ್ಕೂ ನಾಲ್ಕೈದು ವರ್ಷವಾಯಿತು, ಈಗ ನನ್ನ ಗಾಜು ಕತ್ತಲು. ಆಯುಧ ಪೂಜೆಗೆ ಒಂದು ಬೊಟ್ಟು ಕುಂಕುಮ ಸಿಗುತ್ತದೆ.

ಮೊನ್ನೆ ಗುರುಸಿದ್ದಪ್ಪನವರು ಊಟಕ್ಕೆ ಬಂದಿದ್ದರು. ಕೂದಲು ಬೆಳ್ಳಗಾಗಿದೆ, ಜಂಬ ಹಾಗೇ ಇದೆ. ಮಧ್ಯಾಹ್ನ ಕಲಬುರಗಿಗೆ ಹಾರುವವರಿದ್ದರು. ಪಕ್ಕದವರಿಗೆ ಹೇಳುತ್ತಿದ್ದರು: 'ಹೊಸಾದು ಭಾರಿ ಐತ್ರಿ. ಈಗರ ನೋಡಿ ಬಂದೆ, ಹಾದಿ ಎಲ್ಲಾ ಬಯಲು. ಎರಡ ನಿಮಿಷದ್ದು!'

ನೀಲಕ್ಕ ತಾಟಿಗೆ ಬಡಿಸುತ್ತ, ದಿನಾ ಎಲ್ಲರಿಗೂ ಹೇಳುವಂತೆ, ಯಾರೂ ಕೇಳದಿದ್ದರೂ ಹೇಳಿದರು: 'ರೊಟ್ಟಿ ಈಗಿಂದು. ಪಲ್ಯಾ ಹನ್ನೊಂದಕ್ಕ ಮಾಡಿದ್ದು. ಚಟ್ನಿಪುಡಿ ಹೋದ ವಾರದ್ದು.'

ಗುರುಸಿದ್ದಪ್ಪನವರ ಕೈ ರೊಟ್ಟಿಯ ಮೇಲೇ ನಿಂತಿತು. ಅವರು ಒಮ್ಮೆ ಗೂಡಿನಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಎಡಗೈಯಲ್ಲಿ ಮೊಬೈಲ್ ತೆಗೆದು ಕಲಬುರಗಿಗೆ ಹಚ್ಚಿದರು. 'ಬಸಲಿಂಗಾ, ಅಲ್ಲೆ ಈಗ ಮೋಡ ಐತೇನೋ? ಈಗ ಅಂದರ ಈಗ. ನಿಮ್ಮ ಗಂಗಾನ್ನ ಹೊರಗ ಕಳಿಸು, ನೋಡಿ ಹೇಳಲಿ.'