ಹನ್ನೊಂದು ಸಾವಿರ ಫೋಟೋಗಳು

ಕರಾಕೋಲ್ ಊರಿನ ಗ್ರಂಥಾಲಯದ ಕಂಪ್ಯೂಟರು ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸತ್ತುಹೋಯಿತು. ಹೊಗೆಯಿಲ್ಲ, ಸದ್ದಿಲ್ಲ, ಪರದೆ ಕಪ್ಪಾಯಿತು, ಅಷ್ಟೆ. ಅದರೊಳಗೆ ಗ್ರಂಥಪಾಲಕಿ ಬುರ್ಮಾಕಾನ್ ಮೂರು ವರ್ಷ ಕೂತು ಟೈಪು ಮಾಡಿದ್ದ ಒಂಬತ್ತು ಸಾವಿರ ಪುಸ್ತಕಗಳ ಪಟ್ಟಿ ಇತ್ತು. ರಿಪೇರಿಯವನು ಬಂದು ಹಿಂಬದಿ ಬಿಚ್ಚಿದ, ಊದಿದ, ಮತ್ತೆ ಮುಚ್ಚಿದ. ಬೇರೆ ಎಲ್ಲಾದರೂ ಒಂದು ಪ್ರತಿ ಇಟ್ಟಿದ್ದೀರಾ ಎಂದು ಕೇಳಿದ. ಇಲ್ಲವೆಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾವಿನ ಮನೆಗೆ ಬಂದವನ ಹಾಗೆ ನಿಂತ.

ಬುರ್ಮಾಕಾನ್‌ಗೆ ಆಗ ಐವತ್ತೇಳು ವರ್ಷ. ಅವಳು ಅಳಲಿಲ್ಲ. ಮರದ ಬೀರುವಿನಿಂದ ಹಳೆಯ ಕಾರ್ಡುಗಳ ಮೊದಲನೆಯ ಡ್ರಾಯರ್ ಎಳೆದು ಮೇಜಿನ ಮೇಲಿಟ್ಟುಕೊಂಡು, ಮೊದಲ ಕಾರ್ಡಿನಿಂದ ಮತ್ತೆ ಶುರುಮಾಡಿದಳು. ಇನ್ನು ಮುಂದೆ ತನ್ನ ಯಾವ ವಸ್ತುವೂ ಒಂದೇ ಜಾಗದಲ್ಲಿ ಇರಕೂಡದು ಎಂದು ಸಂಜೆ ಗಂಡನಿಗೆ ಹೇಳಿದಳು. ಗಂಡ ಶಾರ್ಶೆನ್ ನಿವೃತ್ತ ಪಶುವೈದ್ಯ, ಹೆಚ್ಚು ಮಾತಾಡದ ಮನುಷ್ಯ. ಈ ನಿಯಮ ತನಗೂ ಅನ್ವಯಿಸುತ್ತದೆಯೇ ಎಂದು ಕೇಳಿದ.

ಕ್ಲೌಡ್ ಸ್ಟೋರೇಜ್ ಬಗ್ಗೆ ಸಿಕ್ಕ ಸೂಚನೆಗಳನ್ನೆಲ್ಲ ಅವಳು ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದಳು. ಅಂಥವನ್ನು ಕೊನೆಯವರೆಗೂ ಓದುವ ಹೆಂಗಸು ಆ ಊರಿನಲ್ಲಿ ಅವಳೊಬ್ಬಳೇ ಇದ್ದಿರಬೇಕು. ಯಾವುದೇ ವಸ್ತುವಿಗೆ ಮೂರು ಪ್ರತಿ ಇರಬೇಕು, ಅದರಲ್ಲಿ ಒಂದು ಮನೆಯಿಂದ ಆಚೆ ಇರಬೇಕು ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಮೊಬೈಲಿನಲ್ಲಿ ಕಾರ್ಡುಗಳ ಫೋಟೋ ತೆಗೆಯುವುದು, ಅದು ತಾನಾಗಿಯೇ ಕ್ಲೌಡಿಗೆ ಹೋಗುವುದು, ಅಲ್ಲಿಂದ ಮನೆಯ ಲ್ಯಾಪ್‌ಟಾಪಿಗೆ ಇಳಿಯುವುದು. ಹೀಗೆಂದು ಒಂದು ಕಾಗದದ ಮೇಲೆ ಬಾಣಗಳ ಸಮೇತ ಬರೆದುಕೊಂಡಳು.

ಖಾತೆ ತೆರೆಯಲು ಹೋದರೆ, ಈ ಫೋನ್ ನಂಬರಿಗೆ ಆಗಲೇ ಒಂದು ಖಾತೆ ಇದೆ ಎಂದು ಬಂತು. ಸ್ವಲ್ಪ ಯೋಚಿಸಿದ ಮೇಲೆ ನೆನಪಾಯಿತು. ಏಳು ವರ್ಷದ ಹಿಂದೆ ತಾಯಿ ಬದುಕಿದ್ದಾಗ, ಮೊಮ್ಮಕ್ಕಳ ಮುಖ ನೋಡಿಕೊಂಡಿರಲಿ ಎಂದು ಅವರಿಗೊಂದು ಟ್ಯಾಬ್ಲೆಟ್ ತಂದು, ಅದಕ್ಕಾಗಿ ಒಂದು ಖಾತೆ ಮಾಡಿದ್ದಳು. ಬೆಟ್ಟದ ಘಾಟಿಯ ಆಚೆ ನರೀನ್ ಊರಿನಲ್ಲಿದ್ದ ತಂಗಿ ಉಪೋಲ್ ಬಂದಿದ್ದಾಗ ಅವಳ ಫೋನಿಗೂ ಅದೇ ಖಾತೆಯನ್ನು ಹಾಕಿಕೊಟ್ಟಿದ್ದಳು. ಪಾಸ್‌ವರ್ಡನ್ನು ಒಂದು ಕಾರ್ಡಿನ ಮೇಲೆ ಬರೆದು, ಗ್ರಂಥಾಲಯದ ಬೀರುವಿನಲ್ಲಿ ಅಕಾರಾದಿಯಾಗಿ ಅದು ಎಲ್ಲಿ ಬರಬೇಕೋ ಅಲ್ಲೇ ಸೇರಿಸಿದ್ದಳು. ಮರುದಿನ ಹೋಗಿ ನೋಡಿದಳು. ಅಲ್ಲೇ ಇತ್ತು.

ಖಾತೆ ತೆರೆದುಕೊಂಡಿತು. ಜಾಗ ಭರ್ತಿಯಾಗಿದೆ, ಹನ್ನೊಂದು ಸಾವಿರ ಫೋಟೋಗಳಿವೆ ಎಂದು ತೋರಿಸಿತು.

ಬುರ್ಮಾಕಾನ್ ತನ್ನ ಜೀವಮಾನದಲ್ಲಿ ಹನ್ನೊಂದು ಸಾವಿರ ಫೋಟೋ ತೆಗೆದವಳಲ್ಲ. ಯಾರೋ ಕಳ್ಳರು ಹೊಕ್ಕಿದ್ದಾರೆ ಎಂದುಕೊಂಡಳು. ತೆರೆದು ನೋಡಿದರೆ ಒಂದು ತಟ್ಟೆ ಗಂಜಿ. ಮುಂದಿನದು ಇನ್ನೊಂದು ತಟ್ಟೆ ಗಂಜಿ. ಆಮೇಲೆ ಸೂಪು, ಮತ್ತೆ ಗಂಜಿ. ಇಂಥ ಕಳ್ಳರು ಯಾರಿರಬಹುದೆಂದು ಯೋಚಿಸುತ್ತ ಬೆರಳು ಸರಿಸುತ್ತ ಹೋದಾಗ, ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದ ಒಬ್ಬ ದಪ್ಪ ಗಂಡಸು ಕಾಣಿಸಿದ. ಅವನು ತಂಗಿಯ ಗಂಡ ತೊಲೊಮುಷ್.

ಉಪೋಲ್ ನರೀನ್‌ನ ಒಂದು ಶಿಶುವಿಹಾರದಲ್ಲಿ ಅಡುಗೆಯವಳು. ಪ್ರತಿದಿನ ಮಕ್ಕಳಿಗೆ ಬಡಿಸಿದ ತಟ್ಟೆಯ ಫೋಟೋ ತೆಗೆದು ಮೇಲಿನ ಕಚೇರಿಗೆ ತೋರಿಸುವುದು ಅವಳ ಕೆಲಸದ ಭಾಗ. ಆ ತಟ್ಟೆಗಳೆಲ್ಲ ಅವಳಿಗೇ ತಿಳಿಯದಂತೆ ಇಷ್ಟು ವರ್ಷ ತಾಯಿಯ ಖಾತೆಗೆ ಬಂದು ಬೀಳುತ್ತಿದ್ದವು.

ಫೋನು ಮಾಡಿ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಕ್ಕತಂಗಿಯರ ನಡುವೆ ಮಾತು ನಿಂತು ಆರು ವರ್ಷವಾಗಿತ್ತು. ತಾಯಿ ತೀರಿಕೊಂಡ ನಲವತ್ತನೆಯ ದಿನದ ಊಟದಲ್ಲಿ, ನೆಂಟರೆಲ್ಲ ಕೂತಿದ್ದಾಗ, ಉಪೋಲ್ ಒಂದು ಗುಟುಕು ಕುಡಿದು ಚಹಾ ನೀರಾಗಿದೆ ಎಂದಿದ್ದಳು. ತಾಯಿಯನ್ನು ನೋಡಿಕೊಳ್ಳಲು ಬಾರದವರಿಗೆ ಇದೇ ಜಾಸ್ತಿ ಎಂದು ಬುರ್ಮಾಕಾನ್ ಹೇಳಿದ್ದಳು. ಊರಿನವರ ಲೆಕ್ಕದಲ್ಲಿ ಜಗಳ ಚಹಾದ್ದು. ಇಬ್ಬರಿಗೂ ಅದು ಚಹಾದ್ದಲ್ಲವೆಂದು ಗೊತ್ತಿತ್ತು. ಆ ಫೆಬ್ರವರಿಯಲ್ಲಿ ತಾಯಿಗೆ ಲಕ್ವ ಹೊಡೆದು ಮಲಗಿದಾಗ ಉಪೋಲ್ ಬರಲಿಲ್ಲ. ಮಣ್ಣು ಮಾಡಿದ ಮರುದಿನ ಬಂದಳು. ನಡುವಿನ ದೊಲೋನ್ ಘಾಟಿಯಲ್ಲಿ ಹಿಮ ಕುಸಿದು ದಾರಿ ಮುಚ್ಚಿತ್ತು ಎಂದಳು. ಆದರೆ ಅದೇ ವಾರ ಸಂತೆಯಲ್ಲಿ ಒಬ್ಬ ವ್ಯಾನಿನವನು ತಾನು ಆ ಕಡೆಯಿಂದಲೇ ಆರಾಮಾಗಿ ಬಂದೆ ಎಂದು ಹೇಳಿದ್ದನ್ನು ಬುರ್ಮಾಕಾನ್ ಸ್ವಂತ ಕಿವಿಯಿಂದ ಕೇಳಿದ್ದಳು, ತಂಗಿಗೆ ಅದನ್ನು ಹೇಳಿಯೂ ಇದ್ದಳು.

ಹೀಗಾಗಿ ಅವಳು ಫೋನು ಮಾಡಲಿಲ್ಲ. ತನಗೆ ಬೇಕಾದಷ್ಟು ಜಾಗವನ್ನು ಮಾತ್ರ ಮಾಡಿಕೊಳ್ಳೋಣವೆಂದು ಇನ್ನೂರು ತಟ್ಟೆ ಗಂಜಿಯನ್ನು ಅಳಿಸಿದಳು. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಸಿಹೋಗುತ್ತದೆ ಎಂದು ಸೂಚನೆಯ ಹನ್ನೆರಡನೆಯ ಪುಟದಲ್ಲಿತ್ತು. ಅದಕ್ಕೆ ಅವಳು ಪೆನ್ಸಿಲ್ಲಿನಲ್ಲಿ ಗೆರೆಯನ್ನೂ ಎಳೆದಿದ್ದಳು. ಆದರೂ ಗಂಜಿ ತಾನೆ ಎಂದುಕೊಂಡಳು. ಆಮೇಲೆ ನಲವತ್ತು ಕಾರ್ಡುಗಳ ಫೋಟೋ ತೆಗೆದಳು. ಅವು ಸರಾಗವಾಗಿ ಮೇಲೆ ಹೋದವು.

ಎರಡು ದಿನದ ನಂತರ ಕಾರ್ಡುಗಳ ನಡುವೆ ಒಂದು ಹೊಸ ಫೋಟೋ ಬಂದಿತ್ತು. ಚೌಕುಳಿ ಗೆರೆಯ ನೋಟುಪುಸ್ತಕದ ಹಾಳೆ, ಅದರ ಮೇಲೆ ದಪ್ಪ ಅಕ್ಷರ: "ಗಂಜಿ ಮುಟ್ಟಬೇಡಿ. ಕಚೇರಿಗೆ ತೋರಿಸಬೇಕು."

ಬುರ್ಮಾಕಾನ್ ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಅವಳ ಕಾರ್ಡುಗಳು ತಂಗಿಯ ಫೋನಿನಲ್ಲಿ ಕಾಣಿಸಿಕೊಂಡಿವೆ. ಅಕ್ಕನ ಅಕ್ಷರವನ್ನು ಉಪೋಲ್ ಗುರುತು ಹಿಡಿದಿದ್ದಾಳೆ. ಇಷ್ಟು ತಿಳಿಯಿತು. ಅದಕ್ಕಿಂತ ಹೆಚ್ಚಾಗಿ 'ಮುಟ್ಟಬೇಡಿ' ಎಂಬ ಬಹುವಚನ ಚುಚ್ಚಿತು. ಹುಟ್ಟಿದಾಗಿನಿಂದ ತನ್ನನ್ನು ನೀನು ಎಂದವಳು. ಬುರ್ಮಾಕಾನ್ ಆ ಇನ್ನೂರನ್ನೂ ಖಾತೆಯ ಕಸದ ಬುಟ್ಟಿಯಿಂದ ಎತ್ತಿ ಮೊದಲಿನ ಜಾಗಕ್ಕೆ ಹಾಕಿದಳು. ಒಂದು ಖಾಲಿ ಕಾರ್ಡ್ ತೆಗೆದುಕೊಂಡು, "ಎಷ್ಟು ವರ್ಷದ ಗಂಜಿ ಬೇಕು? ತಿಳಿಸಿರಿ" ಎಂದು ಬರೆದು ಫೋಟೋ ತೆಗೆದಳು. ಆ ಒಂದು ಫೋಟೋಗೂ ಜಾಗವಿಲ್ಲವೆಂದು ಬಂದಾಗ, ತೊಲೊಮುಷ್ ಮಲಗಿದ್ದ ಚಿತ್ರಗಳಲ್ಲಿ ಮೂರನ್ನು ಅಳಿಸಿದಳು. ಅದಕ್ಕೆ ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಮರುದಿನ ಉತ್ತರ ಬಂತು: "ಮೂರು ವರ್ಷ."

"ಹಾಗಾದರೆ ಅದಕ್ಕಿಂತ ಹಳೆಯದನ್ನು ತೆಗೆಯುತ್ತೇನೆ."

"ತೆಗೆಯಿರಿ. ಮಕ್ಕಳು ಇರುವುದನ್ನು ಬಿಡಿ."

"ತಿಳಿದಿದೆ."

ಹೀಗೆ ಹನ್ನೊಂದು ದಿನ ನಡೆಯಿತು. ಶಾರ್ಶೆನ್ ಒಂದು ಸಲ ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ನೋಡಿ, ಯಾರೊಂದಿಗೆ ಈ ವ್ಯವಹಾರ ಎಂದು ಕೇಳಿದ. ಯಾರೊಂದಿಗೂ ಅಲ್ಲ, ಬ್ಯಾಕಪ್ ಮಾಡುತ್ತಿದ್ದೇನೆ ಎಂದಳು. ಹಾಳೆಯ ಮೇಲಿನ ಕೈಬರಹ ಯಾರದೆಂದು ಅವನಿಗೂ ಗೊತ್ತಿತ್ತು. ಅವನು ಹೊರಗೆ ಹೋಗಿ ಹಸುವಿಗೆ ಹುಲ್ಲು ಹಾಕಿದ.

ಹಳೆಯ ಗಂಜಿಯನ್ನು ಅವಳು ತಿಂಗಳ ಲೆಕ್ಕದಲ್ಲಿ ಅಳಿಸುತ್ತ ಹಿಂದಕ್ಕೆ ಹೋದಳು. ಒಂದು ತಿಂಗಳ ಮೇಲೆ ಬೆರಳಿಟ್ಟು ಎಳೆದರೆ ಅಷ್ಟೂ ಬುಟ್ಟಿಗೆ ಬೀಳುತ್ತಿದ್ದವು. ಬುಟ್ಟಿಯಲ್ಲಿ ಮೂವತ್ತು ದಿನ ಇದ್ದು ಆಮೇಲೆ ತಾವಾಗಿಯೇ ಇಲ್ಲವಾಗುತ್ತವೆ. ಆದರೆ ಗ್ರಂಥಾಲಯದಲ್ಲಿ ರದ್ದಾದ ಪುಸ್ತಕಗಳನ್ನೂ ಅವಳು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡದೆ ರದ್ದಿಗೆ ಕಳಿಸಿದವಳಲ್ಲ. ಒಂದು ಭಾನುವಾರ ಮಧ್ಯಾಹ್ನ, ಮಕ್ಕಳಿರುವವನ್ನು ಹೆಕ್ಕಿ ತೆಗೆಯಲೆಂದು ಬುಟ್ಟಿಯನ್ನು ತೆರೆದು ಪರಿಶೀಲನೆಗೆ ಕೂತಳು.

ಗಂಜಿ, ಗಂಜಿ, ಎಲೆಕೋಸು, ಗಂಜಿ. ಆಮೇಲೆ ಒಂದು ಬರೀ ಬಿಳಿಯ ಚಿತ್ರ. ಕೆಟ್ಟ ಫೋಟೋ ಎಂದು ದಾಟಿಸಲು ಹೋಗಿ, ಮೂಲೆಯಲ್ಲಿ ಏನೋ ಕಂಡು ದೊಡ್ಡದು ಮಾಡಿದಳು. ಲಾರಿಗಳ ಸಾಲು. ಕೊನೆ ಕಾಣದಷ್ಟು ಉದ್ದ, ಎಲ್ಲದರ ಮೇಲೂ ಹಿಮ. ತಾರೀಖು ನೋಡಿದಳು: ಆರು ವರ್ಷದ ಹಿಂದಿನ ಫೆಬ್ರವರಿ ಒಂಬತ್ತು. ಮುಂದಿನದು ಹನ್ನೊಂದನೆಯ ತಾರೀಖಿನದು, ವ್ಯಾನಿನ ಕಿಟಕಿಯಿಂದ ತೆಗೆದದ್ದು. ರಸ್ತೆಗೆ ಅಡ್ಡವಾಗಿ ಕಂಬ ಇಳಿಸಿದ್ದಾರೆ, ಪಕ್ಕದಲ್ಲಿ ಪೊಲೀಸಿನವನೊಬ್ಬ ಕೈ ಆಡಿಸುತ್ತಿದ್ದಾನೆ. ಹನ್ನೆರಡರ ಮಧ್ಯಾಹ್ನದ್ದು ಒಂದು ಒಳಮನೆ. ರಸ್ತೆ ಕೆಲಸದವರ ಗುಡಿಸಲಿರಬೇಕು. ಕಬ್ಬಿಣದ ಒಲೆ, ಒಲೆಯ ಪಕ್ಕ ಮಂಡಿಯವರೆಗೆ ಒದ್ದೆಯಾದ ಒಂದು ಜೊತೆ ಹೆಂಗಸರ ಬೂಟು, ಬೂಟಿನ ಪಕ್ಕ ಒಂದು ಚೀಲ. ಚೀಲದ ಬಾಯಿಂದ ಕರಿ ದ್ರಾಕ್ಷಿಯ ಮುರಬ್ಬದ ಜಾಡಿ ಇಣುಕುತ್ತಿತ್ತು. ಲಕ್ವದಿಂದ ಮಾತು ನಿಂತುಹೋಗುವ ಮುಂಚೆ ತಾಯಿ ಆ ಮುರಬ್ಬ ಬೇಕೆಂದು ಕೇಳಿದ್ದರು. ತಂಗಿಗೆ ಅದನ್ನು ಫೋನಿನಲ್ಲಿ ಹೇಳಿದವಳು ಬುರ್ಮಾಕಾನೇ. ತಾಯಿ ಹದಿಮೂರರ ಬೆಳಗಿನ ಜಾವ ತೀರಿಕೊಂಡರು.

ಬುರ್ಮಾಕಾನ್ ಲ್ಯಾಪ್‌ಟಾಪ್ ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ತೆರೆದು ಆ ಮೂರನ್ನೂ ಬುಟ್ಟಿಯಿಂದ ಎತ್ತಿ ಅವುಗಳ ಜಾಗಕ್ಕೆ ಹಾಕಿದಳು. ಮತ್ತೆ ಮುಚ್ಚಿದಳು. ಸಂತೆಯ ಆ ವ್ಯಾನಿನವನು ಎಲ್ಲಿಯವನೆಂದು ಅವಳಿಗೆ ಅವತ್ತೇ ಗೊತ್ತಿತ್ತು. ಅವನು ಕೊಚ್ಕೋರ್‌ನವನು. ಕೊಚ್ಕೋರ್ ಇರುವುದು ಘಾಟಿಯ ಈಚೆ. ಅವನು ಆರಾಮಾಗಿ ಬಂದಿರಲಿಕ್ಕೂ ಸಾಕು. ಒಂದು ಪುಸ್ತಕದ ಪುಟಸಂಖ್ಯೆಯನ್ನು ಎರಡು ಸಲ ನೋಡುವವಳು, ಈ ಒಂದು ವಿಷಯವನ್ನು ಆರು ವರ್ಷದಲ್ಲಿ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ನೋಡಲು ಮನಸ್ಸಿರಲಿಲ್ಲ ಎಂದರೂ ತಪ್ಪಾಗದು. ತಾಯಿಯ ಮಂಚದ ಪಕ್ಕ ಒಬ್ಬಳೇ ಕೂತಿದ್ದ ಆ ಐದು ದಿನಗಳ ಭಾರವನ್ನು ಯಾರ ಮೇಲಾದರೂ ಇಳಿಸಬೇಕಾಗಿತ್ತು. ಸಿಕ್ಕವಳು ಉಪೋಲ್.

ಕಾರ್ಡ್ ಬರೆಯಲು ಕೂತಳು. ಎರಡು ಕಾರ್ಡ್ ಹರಿದಳು. ಕೊನೆಗೆ ಫೋನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಆಚೆ ಕಡೆ ಬಹಳ ಹೊತ್ತು ರಿಂಗಾಯಿತು.

"ಏನು, ಗಂಜಿ ಮುಗೀತಾ?" ಎಂದಳು ಉಪೋಲ್. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ದೊಲೋನ್ ಫೋಟೋ ಸಿಕ್ತು," ಎಂದಳು ಬುರ್ಮಾಕಾನ್.

ಪಾತ್ರೆಗಳ ಸದ್ದು ನಿಂತಿತು.

"ಮೂರಿದಾವೆ," ಎಂದಳು ಬುರ್ಮಾಕಾನ್. "ಯಾಕೆ ಅವತ್ತೇ ತೋರಿಸ್ಲಿಲ್ಲ?"

"ದಾರಿ ಮುಚ್ಚಿತ್ತು ಅಂತ ಹೇಳಿದ್ದೆ ತಾನೆ? ಒಡಹುಟ್ಟಿದ ಅಕ್ಕಂಗೂ ಸಾಕ್ಷಿ ಸಮೇತ ಹೇಳ್ಬೇಕಾಗಿತ್ತಾ? ಕಚೇರಿಯವರಿಗೆ ಗಂಜಿ ತೋರಿಸ್ದಂಗೆ?"

ಬುರ್ಮಾಕಾನ್, "ಆ ವ್ಯಾನಿನವನು ಕೊಚ್ಕೋರ್‌ನವನು," ಎಂದಳು.

"ಗೊತ್ತು. ನಮ್ಮೆಜಮಾನ್ರ ಸೋದರಮಾವನ ಮಗ. ಹುಟ್ಟಿದಾಗಿಂದ ಅವನು ಘಾಟಿ ದಾಟಿದೋನಲ್ಲ."

"ನಂದು ತಪ್ಪಾಯ್ತು, ಉಪೋಲ್."

ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು. ಉಪೋಲ್, "ನಡ್ಕೊಂಡೇ ಹೋಗ್ತೀನಿ ಅಂತ ಹೊರಟಿದ್ದೆ ಅಕ್ಕ. ಮುನ್ನೂರು ಹೆಜ್ಜೆ ಹೋದೆ. ಆ ರಸ್ತೆ ಕೆಲಸದವ್ರು ಬಂದು ಎಳ್ಕೊಂಡು ಹೋದ್ರು," ಎಂದಳು. ಆಮೇಲೆ, "ಆದ್ರೂ ಅವತ್ತು ಚಹಾ ನೀರಾಗಿದ್ದಿದ್ದು ನಿಜ," ಎಂದಳು.

"ನೂರೈವತ್ತು ಜನಕ್ಕೆ ಮಾಡಿದ್ದು. ಹೆಂಗಿರುತ್ತೆ ಮತ್ತೆ?"

"ನಾನು ದಿನಾ ಇನ್ನೂರು ಜನಕ್ಕೆ ಮಾಡ್ತೀನಿ."

ಅಲ್ಲಿಂದ ಮುಂದೆ ಮಾತು ಅಡುಗೆಯ ಕಡೆಗೆ ತಿರುಗಿ ಮುಕ್ಕಾಲು ಗಂಟೆ ನಡೆಯಿತು. ಫೋನಿನ ಚಾರ್ಜು ಮುಗಿದದ್ದರಿಂದ ನಿಂತಿತು.

ಮೇ ತಿಂಗಳಲ್ಲಿ, ಘಾಟಿಯ ಹಿಮ ಪೂರ್ತಿ ಕರಗಿದ ಮೇಲೆ, ಬುರ್ಮಾಕಾನ್ ಒಂದು ಹಾರ್ಡ್ ಡಿಸ್ಕನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನರೀನ್‌ಗೆ ಹೋದಳು. ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡುವುದು, ಅವಳದನ್ನು ಅವಳಿಗೆ ಒಪ್ಪಿಸುವುದು, ಎಲ್ಲಕ್ಕೂ ಮೂರು ಪ್ರತಿ ಮಾಡಿಕೊಡುವುದು ಎಂದು ಕಾಗದದ ಮೇಲೆ ಬಾಣ ಬರೆದುಕೊಂಡಿದ್ದಳು. ಬಾಗಿಲಲ್ಲಿ ಉಪೋಲ್ ಅಕ್ಕನನ್ನು ಅಪ್ಪಿಕೊಂಡು, ನೀನು ಮುದುಕಿಯಾಗಿದ್ದೀಯ ಎಂದಳು. ನಿನ್ನ ಗಂಡ ಫೋಟೋದಲ್ಲಿರುವುದಕ್ಕಿಂತ ದಪ್ಪಗಿದ್ದಾನೆ ಎಂದು ಅಕ್ಕ ಹೇಳಿದಳು. ತೊಲೊಮುಷ್ ಅವಳ ಚೀಲವನ್ನು ಎತ್ತಿಕೊಂಡು ಒಳಗೆ ಹೋದ.

ಗುರುವಾರ ಸಂಜೆ ಹೊಸ ಖಾತೆಗೆ ಫೋಟೋಗಳನ್ನು ಏರಿಸಲು ಶುರುಮಾಡಿದರು. ಶುಕ್ರವಾರ ಬೆಳಿಗ್ಗೆ ನೂರಕ್ಕೆ ಮೂವತ್ತನಾಲ್ಕು ಆಗಿತ್ತು. ಮನೆಯಲ್ಲಿ ಅದನ್ನೇ ನೋಡುತ್ತ ಕೂತರೆ ಬೇಗ ಆಗುವುದಿಲ್ಲ ಎಂದು ಉಪೋಲ್ ಅಕ್ಕನನ್ನು ಶಿಶುವಿಹಾರಕ್ಕೆ ಕರೆದುಕೊಂಡು ಹೋಗಿ ಆಲೂಗಡ್ಡೆ ಸುಲಿಯಲು ಕೂರಿಸಿದಳು. ಬುರ್ಮಾಕಾನ್ ಸುಲಿದದ್ದು ದಪ್ಪವಾಯಿತೆಂದು ಉಪೋಲ್ ಸಿಪ್ಪೆಯನ್ನು ಎತ್ತಿ ತೋರಿಸಿದಳು. ಬುರ್ಮಾಕಾನ್ ಎರಡನೆಯ ಬಕೆಟ್ಟನ್ನು ತೆಳ್ಳಗೆ ಸುಲಿದಳು. ಮನೆಗೆ ಬಂದಾಗ ಅರವತ್ತೆಂಟು ಆಗಿತ್ತು.

ಭಾನುವಾರ ಶಾರ್ಶೆನ್ ಫೋನು ಮಾಡಿ ಯಾವಾಗ ಬರುತ್ತೀ ಎಂದು ಕೇಳಿದ. ಇಲ್ಲಿ ಇಂಟರ್ನೆಟ್ ಬಹಳ ನಿಧಾನ, ನೂರಾಗುವವರೆಗೂ ಬಿಟ್ಟು ಬರುವ ಹಾಗಿಲ್ಲ ಎಂದು ಬುರ್ಮಾಕಾನ್ ಹೇಳಿದಳು. ಹಿಟ್ಟು ಎಲ್ಲಿದೆಯೆಂದು ಅವನು ಕೇಳಿದ. ಹೇಳಿದಳು. ಪಕ್ಕದಲ್ಲಿ ಕೂತು ಹಿಟ್ಟು ನಾದುತ್ತಿದ್ದ ಉಪೋಲ್ ತಲೆ ಎತ್ತಲಿಲ್ಲ.

ಹಿಂದಿನ ದಿನ, ಶನಿವಾರ ಮಧ್ಯಾಹ್ನ ಎರಡು ಗಂಟೆಗೇ ನೂರಾಗಿತ್ತು. ಬುರ್ಮಾಕಾನ್ ಮುಂದಿನ ಬುಧವಾರ ಊರಿಗೆ ಹೊರಟಳು.