ಹೊಸ ಕೂದಲಿಗೆ ಹಳೆಯ ಬ್ರಷ್

ಈ ಕುರ್ಚಿಯ ಹಿಂದೆ ನಿಂತು ಇಪ್ಪತ್ತೆರಡು ವರ್ಷವಾಯಿತು. ತಲೆ ಮುಟ್ಟಿದರೆ ಸಾಕು, ಕೂದಲಿನ ಜಾತಕ ಹೇಳಬಲ್ಲೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಕೆಲಸ ಗೊತ್ತಿರುವವರಿಗೆ ಅಷ್ಟಾದರೂ ಜಂಬ ಇರಬೇಕು.

ಅಂದು ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲೇ ಟೀಚರ್ ಬಂದರು. ಹತ್ತು ವರ್ಷದಿಂದ ನನ್ನ ಹತ್ತಿರವೇ ಕೂದಲು ಕತ್ತರಿಸಿಕೊಳ್ಳುವವರು. ಕಳೆದ ವರ್ಷ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿತ್ತು. ಈಗ ಕಿವಿ ಮುಚ್ಚುವಷ್ಟು ಬೆಳೆದಿತ್ತು. ಕುರ್ಚಿಯಲ್ಲಿ ಕೂತವರೇ, "ಪೂರ್ತಿ ಬೋಳಿಸಿಬಿಡಿ" ಅಂದರು.

"ಯಾಕೆ, ಏನಾಯ್ತು?"

ಚೀಲದಿಂದ ಒಂದು ಬ್ರಷ್ ತೆಗೆದು ನನ್ನ ಕೈಗಿಟ್ಟರು. ಒತ್ತೊತ್ತಾದ ಬಿರುಗೂದಲಿನ ಬ್ರಷ್, ಅದರ ತುಂಬ ಸಿಕ್ಕಿಕೊಂಡ ಕೂದಲು.

"ಒಂದು ವಾರದಿಂದ ಹೀಗೇ ಬರ್ತಿದೆ. ಕಾಯಿಲೆ ವಾಪಸ್ ಬಂದಿದೆ ಅಂತಲೇ ಅರ್ಥ. ಮಗಳಿಗೆ ಇನ್ನೂ ಹೇಳಿಲ್ಲ. ಮತ್ತೆ ಒಂದೊಂದೇ ಉದುರೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ನಾನು ಬೋಳಿಸುವ ಮಷಿನ್ ಮುಟ್ಟಲಿಲ್ಲ. ಬ್ರಷ್‌ನಿಂದ ಹತ್ತು ಹನ್ನೆರಡು ಕೂದಲು ಬಿಡಿಸಿ, ಬಿಳಿ ಟವೆಲ್ ಮೇಲೆ ಹರಡಿ, ಕಿಟಕಿ ಹತ್ತಿರ ಹಿಡಿದು ನೋಡಿದೆ.

"ಟೀಚರ್, ಇಲ್ಲಿ ಬನ್ನಿ. ಬುಡದಿಂದ ಉದುರಿದ ಕೂದಲಿಗೆ ಒಂದು ತುದೀಲಿ ಬಿಳಿ ಚುಕ್ಕೆ ಇರುತ್ತೆ. ಇವುಗಳಲ್ಲಿ ಎಲ್ಲಿದೆ, ತೋರಿಸಿ. ಎಲ್ಲಾ ಅರ್ಧಕ್ಕೇ ತುಂಡಾಗಿವೆ. ಡಾಕ್ಟರ್ ಹತ್ರ ಖಂಡಿತ ಹೋಗಿ, ಅದು ಅವರ ಕೆಲಸ. ಕೂದಲಿನ ಮಾತು ನನ್ನದು. ಇದು ಉದುರಿದ್ದಲ್ಲ, ನೀವೇ ಮುರಿದಿದ್ದು!"

"ನಾನಾ? ಮೂವತ್ತು ವರ್ಷದಿಂದ ಇದೇ ಬ್ರಷ್ ಅಲ್ವಾ?"

"ಬ್ರಷ್ ಅದೇ. ಕೂದಲು ಅದೇನಾ? ಆಗ ನೆಟ್ಟಗಿತ್ತು, ನುಣ್ಣಗಿತ್ತು. ಚಿಕಿತ್ಸೆ ಆದ್ಮೇಲೆ ಈಗ ಬಂದಿರೋದು ಗುಂಗುರು. ಒಣ ಗುಂಗುರಲ್ಲಿ ಇದನ್ನ ಬುಡದಿಂದ ಎಳೆದ್ರೆ ಇನ್ನೇನಾಗುತ್ತೆ? ಅದಕ್ಕೆ ತಲೆ ಬೋಳಿಸೋದಾ? ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?"

ಅದು ಗುಂಗುರು ಎಂದು ಅವರು ಒಪ್ಪಿಕೊಂಡೇ ಇರಲಿಲ್ಲ. ಹಳೆಯ ಕೂದಲೇ ಬರಲಿ ಅಂತ ದಿನಾ ನೂರು ಸಲ ತಿಕ್ಕಿ ತಿಕ್ಕಿ ನೆಟ್ಟಗೆ ಮಾಡುತ್ತಿದ್ದರಂತೆ. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ತಲೆ ಒದ್ದೆ ಮಾಡಿ, ಕಂಡಿಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯನ್ನು ಅವರ ಕೈಗೇ ಕೊಟ್ಟೆ. "ತುದಿಯಿಂದ ಶುರು ಮಾಡಿ. ಅಲ್ಲಿ ಸಿಕ್ಕು ಬಿಟ್ಟ ಮೇಲೆ ಒಂದು ಬೆರಳಷ್ಟು ಮೇಲಕ್ಕೆ ಹೋಗಿ."

ಅವರು ಹಾಗೇ ಮಾಡಿದರು. ಬಾಚಿ ಮುಗಿಸುವವರೆಗೆ ನಾನು ಬಾಯಿ ಬಿಡಲಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ಸಾಧನೆ. ಬಾಚಣಿಗೆಯಲ್ಲಿ ಸಿಕ್ಕಿದ್ದು ಎರಡೇ ಎರಡು ಎಳೆ.

ಅವರು ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮಗಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. "ಏನಿಲ್ಲ ಕಣೇ, ನನ್ನ ಕೂದಲು ಗುಂಗುರಾಗಿದೆ. ಅಷ್ಟೇ, ಬರೀ ಗುಂಗುರು" ಎನ್ನುತ್ತಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

"ಅಯ್ಯೋ ಅಮ್ಮಾ, ಅದು ನಂಗೆ ಯಾವತ್ತೋ ಗೊತ್ತು" ಅಂದಳು ಮಗಳು. "ಅಷ್ಟಕ್ಕೇ ಯಾರಾದ್ರೂ ಅಳ್ತಾರಾ?"

"ಅಳಲಿ ಬಿಡು ತಾಯಿ" ಎಂದು ಫೋನಿನತ್ತ ಬಗ್ಗಿ ನಾನೇ ಗದರಿದೆ.